ಕೊಳಕ್ಕೊಂದು ಕಳೆ

ಆಯುಧಪೂಜೆಯ ದಿನ ನಮ್ಮ ನಡುಮನೆಯಲ್ಲಿ ಒಂದು ಸಾಲು ಕೂರುತ್ತದೆ. ಮೊದಲ ಮಣೆ ಅತ್ತೆಯವರ ಲಾಳಿಗೆ. ಈ ಮನೆಯಲ್ಲಿ ಮಗ್ಗದ ಸದ್ದು ನಿಂತು ಮೂವತ್ತು ವರ್ಷವಾಯಿತು. ಮಗ್ಗದ ಗುಂಡಿ ಮುಚ್ಚಿ, ಟೈಲ್ಸ್ ಹಾಸಿ, ಅದರ ಮೇಲೆ ಟೀವಿ ಕೂರಿಸಿದ್ದೇವೆ. ಲಾಳಿ ಮಾತ್ರ ವರ್ಷಕ್ಕೊಮ್ಮೆ ಅರಿಸಿನ ಕುಂಕುಮ ಇಟ್ಟುಕೊಂಡು ಹೊರಗೆ ಬರುತ್ತದೆ. ಎರಡನೆಯದು ಗ್ರೈಂಡರ್. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಪದವಿ ಸಿಕ್ಕಿರುವುದರಿಂದ ಅದರ ಜಂಬ ಸ್ವಲ್ಪ ಹೆಚ್ಚು. ಆಮೇಲೆ ಮಗನ ಬೈಕಿನ ಕೀಲಿಕೈ, ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಟ್ಟಿದ ಕ್ಯಾಲ್ಕುಲೇಟರು. ಹೋದ ವರ್ಷ ಸಾಲಿನ ಕೊನೆಗೆ ಹೊಸದೊಂದು ಸೇರಿತು: ಏಳಡಿಯ ಬಿದಿರಿನ ಗಳು, ತುದಿಯಲ್ಲಿ ಕಬ್ಬಿಣದ ಬಳೆ, ಬಳೆಗೆ ಚೀಲದ ಹಾಗೆ ಹೊಲಿದ ಬಿಳಿ ಬನಿಯನ್ ಬಟ್ಟೆ.

“ಇದನ್ಯಾಕೆ ಇಟ್ಟಿರಿ ಅತ್ತೆ?” ಎಂದೆ.

“ರಿಟೈರ್ ಆದಮೇಲೆ ನೀವು ಕೆಲಸ ಅಂತ ಮಾಡಿದ್ದು ಇದೊಂದರಲ್ಲೇ ಅಲ್ವಾ ಮಾಪ್ಳೆ?” ಎಂದು ಗಳುವಿನ ನೆತ್ತಿಗೆ ಕುಂಕುಮ ಒತ್ತಿದರು.

ಅತ್ತೆಯವರದು ಕೊಂಗುನಾಡಿನ ದೇವಾಂಗದವರ ಕನ್ನಡ. ಅವರ ಹಿರೀಕರು ಯಾವಾಗ ಘಟ್ಟ ಇಳಿದು ಬಂದರು, ಯಾಕೆ ಬಂದರು ಎಂಬುದು ಕುಲದೇವತೆ ಸೌಡಮ್ಮನಿಗೇ ಗೊತ್ತು. ಓದುವುದು ಬರೆಯುವುದು ತಮಿಳು. ಬೈಯುವುದು, ಮುದ್ದಿಸುವುದು, ದೇವರ ಹತ್ತಿರ ಜಗಳವಾಡುವುದು ಕನ್ನಡ. ನಾನು ಮೈಸೂರು ಕಡೆಯವನು, ಅದೇ ಕುಲದವನೇ, ಬ್ಯಾಂಕಿನ ವರ್ಗಾವಣೆ ಮತ್ತು ಮದುವೆ ಎರಡೂ ಸೇರಿ ಇಲ್ಲಿಗೆ, ಕೊಯಮತ್ತೂರಿಗೆ, ತಂದು ಬಿಟ್ಟವು. ಬಂದ ಹೊಸದರಲ್ಲಿ ಉಕ್ಕಡದ ಬಸ್ ನಿಲ್ದಾಣದಲ್ಲಿ ಯಾರೋ “ಏನುಂಗ” ಎಂದರು. ಏನು ಎಂದು ಕೇಳಿದ್ದಾರೆ, ಕನ್ನಡದವರೇ ಇರಬೇಕು ಎಂದುಕೊಂಡು ನನ್ನ ಊರು, ಕೇರಿ, ಬ್ಯಾಂಕು ಎಲ್ಲ ಹೇಳಿದೆ. ಪಾಪ, ಅವರು ಕೊಂಚ ಸರಿದು ನಿಲ್ಲಿ ಅನ್ನುವುದಕ್ಕೆ ಪೀಠಿಕೆಯಾಗಿ ಅಂದಿದ್ದರು. ಕೊಂಗುನಾಡಿನಲ್ಲಿ ‘ಏನುಂಗ’ ಇಲ್ಲದೆ ಯಾವ ಮಾತೂ ಹೊರಡುವುದಿಲ್ಲ. ಅದೇ ವಾರ ‘ಸಿಂಗಾನಲ್ಲೂರ್’ ಎಂಬ ಫಲಕದ ಬಸ್ಸು ಕಂಡು, ರಾಜಕುಮಾರ್ ಹೆಸರಿನ ಹಿಂದಿನ ಸಿಂಗಾನಲ್ಲೂರು ಇದೇ ಎಂದು ಹತ್ತಿ ಕೂತೆ. ಇಳಿದರೆ ಒಂದು ಕೆರೆ, ನಾಲ್ಕು ಮಿಲ್ಲು. ಅವರ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಆದರೆ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತಾದ್ದರಿಂದ ನನ್ನ ಟಿಕೆಟ್ಟು ಪೂರ್ತಿ ದಂಡವಾಗಲಿಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ. ಆ ದಿನ ಸಿಂಗಾನಲ್ಲೂರು ಕೆರೆಯ ಮೇಲೆ ತಿಳಿನೇರಳೆ ಹೂಗಳು ಎಕರೆಗಟ್ಟಲೆ ಹಾಸಿದ್ದವು. ಎಂಥ ಚೆಂದ ಎಂದು ದಂಡೆಯಲ್ಲಿ ನಿಂತು ನೋಡಿದೆ. ನನಗೂ ಆ ಹೂವಿಗೂ ಆದ ಮೊದಲ ಪರಿಚಯ ಅದು.

ಪೇರೂರು ರಸ್ತೆಯ ಬದಿಯ ಈ ಹಳೇ ಮನೆಯ ಹಿತ್ತಿಲಲ್ಲಿ ನೂಲು ನೆನೆಸುತ್ತಿದ್ದ ಇಟ್ಟಿಗೆ ತೊಟ್ಟಿಯೊಂದಿದೆ. ಹನ್ನೆರಡು ಅಡಿ ಉದ್ದ, ಎಂಟಡಿ ಅಗಲ, ಎರಡೂವರೆ ಅಡಿ ಆಳ. ಮಗ್ಗ ಹೋದ ಮೇಲೆ ಅದರಲ್ಲಿ ತೆಂಗಿನ ಗರಿ ತುಂಬುತ್ತಿದ್ದರು. ನಿವೃತ್ತನಾದ ತಿಂಗಳಲ್ಲಿ ನನಗೆ ಅದರೊಳಗೆ ಮೀನು ಕಂಡಿತು. ಸಿಮೆಂಟು ಸವರಿಸಿ, ಬೋರಿನ ನೀರು ಬಿಟ್ಟೆ. ಸಿರುವಾಣಿ ನಲ್ಲಿಯ ಕಡೆ ಕೊಳವೆ ತಿರುಗಿಸಿದರೆ ಅತ್ತೆ ಮನೆಬಿಟ್ಟು ಹೋಗುತ್ತಿದ್ದರು. ಜಗತ್ತಿನಲ್ಲೇ ಎರಡನೆಯ ಸಿಹಿನೀರು ಸಿರುವಾಣಿಯದು ಎಂದು ಈ ಊರಿನ ಪ್ರತಿಯೊಬ್ಬರೂ ಹೇಳುತ್ತಾರೆ. ಮೊದಲನೆಯದು ಯಾವುದು ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಯಾರೂ ಅದರ ಬಗ್ಗೆ ತಲೆಕೆಡಿಸಿಕೊಂಡಿಲ್ಲ.

ಆರು ಬಣ್ಣದ ಕೋಯಿ, ಲೆಕ್ಕವಿಲ್ಲದಷ್ಟು ಗಪ್ಪಿ, ಪಕ್ಕದ ಮನೆಯವರು ಪ್ರೀತಿಯಿಂದ ಬಕೆಟ್ಟಿನಲ್ಲಿ ತಂದು ಸುರಿದ ಐದು ಜಿಲೇಬಿ. ಜಿಲೇಬಿ ಎಂದರೆ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ಬಂದ ಈ ಆಫ್ರಿಕಾದ ಮೀನಿಗೆ ತಮಿಳರು ಯಾವ ಗಳಿಗೆಯಲ್ಲಿ ಆ ಹೆಸರಿಟ್ಟರೋ, ಮೀನಿನಂಗಡಿಯ ಮುಂದೆ ನಿಂತು “ಅರ್ಧ ಕಿಲೊ ಜಿಲೇಬಿ” ಎನ್ನುವಾಗ ನನಗೆ ಈಗಲೂ ನಾಲಗೆ ತಡವರಿಸುತ್ತದೆ. ಎಲ್ಲ ಆದಮೇಲೆ ಕೊಳ ಬೋಳುಬೋಳಾಗಿ ಕಂಡಿತು. ಸ್ವಲ್ಪ ಕಳೆ ಬೇಕು ಅನಿಸಿತು. ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ ಎರಡು ಗಿಡ ಕೊಂಡೆ. ದುಂಡು ಎಲೆ, ಊದಿದ ತೊಟ್ಟು, ಕಪ್ಪು ಗಡ್ಡದಂತೆ ಬೇರು. ಅಂಗಡಿಯಿಂದ ಕೂಗಳತೆಯಲ್ಲಿ ಉಕ್ಕಡದ ಪೆರಿಯಕುಳಂ. ಅದೇ ಗಿಡವನ್ನು ತೆಗೆಸಲು ಸರಕಾರ ಆ ಕೆರೆಗೆ ಯಂತ್ರ ಇಳಿಸುತ್ತದೆ. ನಾನು ದುಡ್ಡು ಕೊಟ್ಟು, ರಸೀತಿ ಸಮೇತ, ಪ್ಲಾಸ್ಟಿಕ್ ಚೀಲದಲ್ಲಿ ನೀರು ಚೆಲ್ಲದಂತೆ ಎದೆಗೊತ್ತಿಕೊಂಡು ತಂದೆ.

ಕನ್ನಡದಲ್ಲಿ ಕಳೆ ಅನ್ನುವ ಮಾತು ತುಂಟ ಮಾತು. ಮದುಮಗಳ ಮುಖದಲ್ಲಿರುವುದೂ ಕಳೆ, ರಾಗಿ ಹೊಲದಲ್ಲಿರುವುದೂ ಕಳೆ. ಹೊತ್ತು ಕಳೆ, ಪರ್ಸು ಕಳೆ, ಹತ್ತರಲ್ಲಿ ಮೂರು ಕಳೆ. ಕೊಳಕ್ಕೆ ಕಳೆ ಬರಲೆಂದು ತಂದದ್ದು ಕಳೆಯಾಗಿ, ಆ ಕಳೆ ಕಳೆಯುತ್ತ ಕಾಲ ಕಳೆಯುವ ಸ್ಥಿತಿ ಬರುತ್ತದೆಂದು ನಿಘಂಟು ಮೊದಲೇ ಎಚ್ಚರಿಸಿತ್ತು, ನಾನು ಗಮನಿಸಲಿಲ್ಲ.

ಹೆಸರಿನ ವಿಚಾರಕ್ಕೆ ಬಂದಾಗ ಈ ಗಿಡ ಎಲ್ಲ ಭಾಷೆಯಲ್ಲೂ ಮೋಸ ಮಾಡಿಯೇ ಒಳಗೆ ಬಂದಿದೆ. ಬೇರು ನೆಲ ಮುಟ್ಟದೆ ತೇಲುವ ಎಲೆಕೋಸಿನಂಥ ಹಳೆಯ ಗಿಡವೊಂದನ್ನು ಕನ್ನಡದವರು ಅಂತರಗಂಗೆ ಎಂದರು, ತಮಿಳರು ಆಗಾಯ ತಾಮರೆ ಎಂದರು. ನಾವು ಗಂಗೆಯನ್ನು ನಡುಗಾಳಿಯಲ್ಲಿ ನಿಲ್ಲಿಸಿದೆವು, ಅವರು ತಾವರೆಯನ್ನು ಆಕಾಶಕ್ಕೆ ಏರಿಸಿದರು. ಆಮೇಲೆ ದಕ್ಷಿಣ ಅಮೆರಿಕದಿಂದ ಬಂದ ಈ ನೇರಳೆ ಹೂವಿನದು, ಹಳೆಯವನ ಪಡಿತರ ಚೀಟಿ ತೋರಿಸಿ ಅದೇ ಹೆಸರಲ್ಲಿ ಊರೊಳಗೆ ಸೇರಿಕೊಂಡಿತು. ಇವತ್ತು ಬೆಂಗಳೂರಲ್ಲೂ ಅಂತರಗಂಗೆ ಎಂದರೆ ಬಹಳ ಜನಕ್ಕೆ ಇದೇ. ತಮಿಳರಲ್ಲಿ ಸ್ವಲ್ಪ ಜಾಣರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ: ವೆಂಗಾಯ ತಾಮರೆ, ಅಂದರೆ ಈರುಳ್ಳಿ ತಾವರೆ. ಊದಿದ ತೊಟ್ಟು ನೋಡಿ ಇಟ್ಟದ್ದು. ಕತ್ತರಿಸಿದವನ ಕಣ್ಣಲ್ಲಿ ನೀರು ಬರುತ್ತದೆ ಎಂಬ ಅರ್ಥವನ್ನು ಆಮೇಲೆ ನಾನು ಸೇರಿಸಿದೆ.

ಎರಡು ಗಿಡ ತಂದದ್ದು ಜೂನಿನಲ್ಲಿ. ನೈಋತ್ಯ ಮಾರುತ ಪಾಲಘಾಟ್ ಕಣಿವೆಯಿಂದ ನುಗ್ಗಿ ಬರುವ ತಂಪು ಗಾಳಿಯ ಕಾಲ. ಎರಡು ವಾರಕ್ಕೆ ನಾಲ್ಕಾದವು. ಅತ್ತೆಯ ಕೈಗುಣ ಎಂದು ಹೊಗಳಿದೆ. ತಿಂಗಳಿಗೆ ಎಂಟು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಬ್ಯಾಂಕಿನವನಿಗೆ ಅಷ್ಟು ಹೊತ್ತಿಗೆ ತಲೆಯಲ್ಲಿ ಗಂಟೆ ಹೊಡೆಯಬೇಕಿತ್ತು. ನಮ್ಮಲ್ಲಿ 72ರ ಸೂತ್ರ ಎಂದೊಂದಿದೆ: 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ಇಮ್ಮಡಿಯಾಗುವ ವರ್ಷ ಸಿಗುತ್ತದೆ. ಶೇಕಡ 10 ಎಂದರೆ ಏಳು ವರ್ಷ ಚಿಲ್ಲರೆ. ಅದನ್ನೇ ಠೇವಣಿದಾರರಿಗೆ ಹೇಳಿ ಹೇಳಿ ಹೊಟ್ಟೆ ಹೊರೆದವನು ನಾನು. 1988ರಲ್ಲಿ ಅಂಚೆ ಇಲಾಖೆಯವರು ಕಿಸಾನ್ ವಿಕಾಸ್ ಪತ್ರ ತಂದು ಐದೂವರೆ ವರ್ಷಕ್ಕೇ ಇಮ್ಮಡಿ ಎಂದಾಗ ನಮ್ಮ ಬ್ರಾಂಚಿನಲ್ಲಿ ಎರಡು ದಿನ ಸೂತಕದ ಕಳೆ ಇತ್ತು. ಇಲ್ಲಿ ನೋಡಿದರೆ ಹಿತ್ತಿಲಲ್ಲೇ ಎರಡು ವಾರಕ್ಕೆ ಇಮ್ಮಡಿ! ಕ್ಯಾಲ್ಕುಲೇಟರು ತೆಗೆದೆ. ಆರು ತಿಂಗಳಿಗೆ ಹದಿಮೂರು ಸಲ ಇಮ್ಮಡಿ. ಒಂದು ಗಿಡಕ್ಕೆ 8,192. ನನ್ನ ತೊಟ್ಟಿ ಅಷ್ಟನ್ನು ಹಿಡಿಯುವುದಿಲ್ಲ ಎಂಬುದೊಂದೇ ಸಮಾಧಾನ. ದೀಪಾವಳಿಯ ಹೊತ್ತಿಗೆ ನೀರು ಕಾಣಲಿಲ್ಲ. ಕೊಳದ ಮೇಲೆ ಬೆಕ್ಕು ನಡೆಯಲು ಹೋಗಿ ಬಿತ್ತು.

ಆಗ ಶುರುವಾಯಿತು ಸಲಹೆಗಳ ಸುರಿಮಳೆ. ಎದುರು ಮನೆಯ ರೈತಾಪಿ ಅಣ್ಣ, “ಏನುಂಗ, ಹಸುವಿಗೆ ಹಾಕಿ” ಎಂದರು. ಅವರ ಹಸುವೇ ಮೂಸಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಹುಲ್ಲಿನ ಕಡೆ ತಿರುಗಿತು. ಹಸುವಿನ ತಪ್ಪಲ್ಲ, ಆ ಗಿಡದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಬರೀ ನೀರು. ಪ್ರಾಣಿಗೆ ತಿನ್ನಿಸುವ ಆಸೆ ನಮ್ಮೊಬ್ಬರದೇ ಅಲ್ಲ. 1910ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಸಂಸದ ರಾಬರ್ಟ್ ಬ್ರುಸಾರ್ಡ್ ಎಂಬವರು, ಆಫ್ರಿಕಾದಿಂದ ನೀರಾನೆಗಳನ್ನು ತರಿಸಿ ತಮ್ಮ ಜೌಗಿನಲ್ಲಿ ಬಿಡಬೇಕು, ಅವು ಈ ಕಳೆಯನ್ನು ತಿನ್ನಲಿ, ಅವನ್ನು ಜನ ತಿನ್ನಲಿ, ಮಾಂಸದ ಅಭಾವವೂ ನೀಗಲಿ ಎಂದು ಎರಡೂವರೆ ಲಕ್ಷ ಡಾಲರಿನ ಮಸೂದೆಯನ್ನೇ ಮಂಡಿಸಿದರು. ಮಸೂದೆ ಬಿದ್ದುಹೋಯಿತು. ಅತ್ತೆಗೆ ಈ ಕಥೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, “ಆಮೇಲೆ ನೀರಾನೆ ತೆಗೆಸೋದಕ್ಕೆ ಏನು ತರ್ತಿದ್ರು?” ಎಂದು ಕೇಳಿದರು. ಅಮೆರಿಕದ ಸಂಸತ್ತಿನಲ್ಲಿ ಈ ಪ್ರಶ್ನೆ ಎತ್ತಲು ಒಬ್ಬ ಕೊಂಗುನಾಡಿನ ಮುದುಕಿ ಇರಬೇಕಿತ್ತು.

ಬಂಗಾಳದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಅಲ್ಲಿನ ಹೊಳೆ, ಗದ್ದೆ, ದೋಣಿದಾರಿ ಎಲ್ಲವನ್ನೂ ಕಟ್ಟಿಹಾಕಿದ ಈ ಗಿಡಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲಿ ಜನ ‘ಜರ್ಮನ್ ಪಾನಾ’ ಎಂದೇ ಹೆಸರಿಟ್ಟರು. ಶತ್ರು ಯಾರೆಂದು ಗೊತ್ತಿದ್ದರೆ ಬೈಯಲು ಅನುಕೂಲ. 1936ರಲ್ಲಿ ಅದನ್ನು ಹಿಡಿದು ಹಾಕಲು ಒಂದು ಕಾನೂನನ್ನೇ ಮಾಡಿದರು. ಕಾನೂನನ್ನು ಗಿಡ ಓದಲಿಲ್ಲ.

ನನ್ನ ಮಟ್ಟಿಗೆ ಹೊಟ್ಟೆ ಉರಿಸಿದ ಸಂಗತಿ ಬೇರೆ. 1983ರ ಸುಮಾರಿಗೆ ನಾನು ಬೆಂಗಳೂರಿನ ಹೆಬ್ಬಾಳದ ಕಡೆ ಗುಮಾಸ್ತ. ದಿನಾ ಕೆರೆಯ ಪಕ್ಕದಲ್ಲೇ ಬಸ್ಸು. ಅದೇ ಕಾಲಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಕಳೆಯ ತವರಿನಿಂದ ಬಂದ ಮೂತಿಹುಳುಗಳನ್ನು ತರಿಸಿ, ಬೇರೆ ಬೆಳೆ ಮುಟ್ಟುವುದಿಲ್ಲ ಎಂದು ಪರೀಕ್ಷೆ ಮಾಡಿ, ಹೆಬ್ಬಾಳದ ಕೆರೆಗೂ ಸುತ್ತಲಿನ ಕೆಲವು ಕೆರೆಗಳಿಗೂ ಬಿಟ್ಟರು. ನಿಯೋಕೆಟಿನಾ ಅಂತ ಹೆಸರು. ಅರ್ಧ ಸೆಂಟಿಮೀಟರೂ ಇಲ್ಲದ ಬೂದು ಹುಳ. ದೊಡ್ಡದು ಎಲೆಯ ಮೇಲೆ ಚೌಕ ಚೌಕವಾಗಿ ಕೆರೆದು ತಿನ್ನುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ತೋಡುತ್ತದೆ. ಗಾಳಿ ತುಂಬಿದ ತೊಟ್ಟಿಗೆ ನೀರು ನುಗ್ಗಿ ಗಿಡ ಮುಳುಗುತ್ತದೆ. ಕೆಲವೇ ವರ್ಷದಲ್ಲಿ ಕೆರೆಯ ಮೇಲಿನ ಹಾಸು ಬಹುಪಾಲು ಕರಗಿತು. ಅಷ್ಟು ದೊಡ್ಡ ಯುದ್ಧ ನನ್ನ ಬಸ್ಸಿನ ಕಿಟಕಿಯಾಚೆ ನಡೆಯುತ್ತಿದ್ದಾಗ ನಾನು ಸೀಟು ಸಿಕ್ಕಿತೋ ಇಲ್ಲವೋ ಎಂದು ನೋಡುತ್ತಿದ್ದೆ. ಆಮೇಲೆ ಕೆರೆಗಳಿಗೆ ಊರಿನ ಕೊಳಚೆ ಯಥೇಚ್ಛವಾಗಿ ಹರಿದು, ಗಿಡಕ್ಕೆ ಊಟ ಹೆಚ್ಚಾಗಿ, ಹುಳ ತಿನ್ನುವುದಕ್ಕಿಂತ ಗಿಡ ಬೆಳೆಯುವುದೇ ಜೋರಾಯಿತು. ಬಡ್ಡಿ ಕಟ್ಟುವವನ ಸಂಬಳಕ್ಕಿಂತ ಬಡ್ಡಿಯೇ ಹೆಚ್ಚಾದಾಗ ಏನಾಗುತ್ತದೆ ಎಂಬುದು ನನಗೆ ಕಡತಗಳಲ್ಲಿ ಗೊತ್ತಿತ್ತು.

ಹುಳ ತಂದು ನನ್ನ ಹನ್ನೆರಡಡಿ ತೊಟ್ಟಿಗೆ ಬಿಡೋಣವೆಂದು ಕುರಿಚಿ ಕೆರೆಯ ದಂಡೆಯಲ್ಲಿ ಒಂದು ಬೆಳಿಗ್ಗೆ ಕೂತು ಎಲೆಯ ಮೇಲಿನ ಚೌಕ ಹುಡುಕಿದ್ದೂ ಉಂಟು. ವಾಕಿಂಗಿಗೆ ಬಂದವರು ನನ್ನನ್ನು ಯಾವುದೋ ಹರಕೆಯವನು ಎಂದು ತಿಳಿದು ದಾರಿ ಬಿಟ್ಟು ನಡೆದರು. ಹುಳಕ್ಕೆ ವರ್ಷಗಟ್ಟಲೆ ಕಾಲ ಬೇಕು. ನನ್ನ ಮೀನಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಮಗ ಮೊಬೈಲಿನಲ್ಲಿ ಇನ್ನೊಂದು ಹುಡುಕಿ ಕೊಟ್ಟ. ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದ ಕದಿರೇಶನ್ ಎಂಬ ವಿಜ್ಞಾನಿ, ಒಣಗಿಸಿದ ದೊಡ್ಡಪತ್ರೆಯ ಪುಡಿ ಈ ಗಿಡವನ್ನು ಕೊಲ್ಲುತ್ತದೆಂದು ತೋರಿಸಿದ್ದಾರೆ. ದೊಡ್ಡಪತ್ರೆ! ಇಲ್ಲಿಯವರ ಕರ್ಪೂರವಳ್ಳಿ. ನೆಗಡಿಗೆ ರಸ ಹಿಂಡುವ, ತಂಬುಳಿ ಮಾಡುವ, ಬಜ್ಜಿ ಕರಿಯುವ ಸಾಧು ಸೊಪ್ಪಿನೊಳಗೆ ಇಂಥ ಕೊಲೆಗಾರ ಕೂತಿದ್ದಾನೆಂದು ಯಾರಿಗೆ ಗೊತ್ತು? ಹಿತ್ತಿಲ ಕುಂಡಗಳ ಕಡೆ ಕತ್ತರಿ ಹಿಡಿದು ಹೊರಟೆ. ಆದರೆ ಅಭ್ಯಾಸಬಲ, ಮೊದಲು ಲೆಕ್ಕ ಹಾಕಿದೆ. ತೊಟ್ಟಿಯಲ್ಲಿ ನೀರು ಸುಮಾರು 6,800 ಲೀಟರು. ಲೀಟರಿಗೆ ಹತ್ತೇ ಗ್ರಾಂ ಎಂದರೂ 68 ಕಿಲೊ ಒಣಪುಡಿ. ಅತ್ತೆಯ ಹತ್ತಿರ ಇದ್ದದ್ದು ಮೂರು ಕುಂಡ. ಅವತ್ತು ತಂಬುಳಿ ಚೆನ್ನಾಗಿತ್ತು.

ಮುಂದಿನದನ್ನು ಹೇಳಲು ನಾಚಿಕೆ. ತೇಲುವ ಗಿಡವನ್ನು ಅರ್ಧ ಎಳೆದು ಹಾಕಿದ ಮೇಲೆ ಬಿಸಿಲು ಒಳಗಿಳಿದು, ತೆರವಾದ ನೀರಿನಲ್ಲಿ ನೂಲಿನಂಥ ಹಸಿರು ಪಾಚಿ ಎದ್ದಿತು. ತಮಿಳಿನಲ್ಲಿ ಪಾಸಿ. ಹಳ್ಳಿ ಕನ್ನಡದ ಹಾವಸೆಯೂ ಅದರ ನೆಂಟನೇ. ನೂಲು ನೆನೆಸಿದ ತೊಟ್ಟಿ ತಾನೇ, ಹಳೇ ನೆನಪಿಗೆ ನೂತಿರಬೇಕು ಎಂದು ನಗಾಡಿದೆ. ಆಮೇಲೆ ಯಾರೋ ಮೈಲುತುತ್ತ ಎಂದರು. ಅಡಿಕೆ ತೋಟದ ನೆಂಟರಿದ್ದ ನನಗೆ ಮೈಲುತುತ್ತ ಪರಿಚಿತ ಹೆಸರು. ಇಲ್ಲಿಯೂ ಅದು ಮಯಿಲ್‌ತುತ್ತವೇ. ಪರಿಚಿತ ಹೆಸರಿನ ಮೇಲೆ ವಿಪರೀತ ನಂಬಿಕೆ. ತೂಗಲಿಲ್ಲ, ಅಳೆಯಲಿಲ್ಲ, ಜೀವನವಿಡೀ ಪೈಸೆ ಲೆಕ್ಕ ಇಟ್ಟವನು ಅದೊಂದನ್ನು ಹಿಡಿಯಲ್ಲಿ ಹಾಕಿದೆ. ಎರಡು ದಿನಕ್ಕೆ ಪಾಚಿ ಸತ್ತಿತು. ಮೂರನೆಯ ದಿನ ಬೆಳಕು ಹರಿಯುವ ಮೊದಲು ಹೋಗಿ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತಾಮ್ರದ ವಿಷ ಒಂದು ಕಡೆ. ಸತ್ತ ಪಾಚಿ ಕೊಳೆಯುತ್ತ ನೀರಿನ ಉಸಿರನ್ನೆಲ್ಲ ತಾನೇ ಎಳೆದುಕೊಂಡದ್ದು ಇನ್ನೊಂದು ಕಡೆ. ರಾತ್ರಿಯೆಲ್ಲ ಉಸಿರು ಖರ್ಚಾಗಿ, ಬೆಳಗಿನ ಜಾವಕ್ಕೆ ಖಾತೆ ಬರಿದಾಗಿರುತ್ತದೆ. ಮನೆಯವರೆಲ್ಲ ತಂಬಿಗೆ, ಚೊಂಬು, ಬಕೆಟ್ಟು ಹಿಡಿದು ನೀರನ್ನು ಎತ್ತಿ ಎತ್ತಿ ಸುರಿದೆವು. ನಾಲ್ಕು ಕೋಯಿ, ಲೆಕ್ಕವಿಲ್ಲದ ಗಪ್ಪಿ ಹೋದವು. ಜಿಲೇಬಿಗಳಿಗೆ ಏನೂ ಆಗಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದ ದಿನಗಳು ನನ್ನ ನಲವತ್ತು ವರ್ಷದ ಸಂಸಾರದಲ್ಲಿ ಎರಡೇ.

ಆಳಿಯಾರ್ ಅಣೆಕಟ್ಟಿನ ಕಡೆ ಹೋದ ಮಗ ಬರುವಾಗ ಎರಡು ಹುಲ್ಲುಗೆಂಡೆ ಮರಿ ತಂದ. ತಮಿಳಿನಲ್ಲಿ ಪುಲ್ ಕೆಂಡೈ. ಗೆಂಡೆ, ಕೆಂಡೈ ಒಂದೇ ತಾಯಿಯ ಮಕ್ಕಳು. ಚೀನಾ ಕಡೆಯ ಮೀನು, 1959ರಲ್ಲಿ ಹಾಂಗ್‌ಕಾಂಗಿನಿಂದ ಕಟಕ್‌ಗೆ ಬಂದು ಅಲ್ಲಿಂದ ದೇಶವೆಲ್ಲ ಹರಡಿತು. ಅಷ್ಟು ಹೊತ್ತಿಗೆ ನನ್ನ ತೊಟ್ಟಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ತೇಲುಗಿಡ ಬೇರೆ ತುಂಬಿಕೊಂಡಿತ್ತು. ಬಾತುಗಳು ತಿನ್ನುವಂಥದು, ಎರಡು ಮೂರು ದಿನಕ್ಕೇ ಇಮ್ಮಡಿ. ಗೆಂಡೆಗಳು ಅದನ್ನು ಹೊಸ ಅಳಿಯಂದಿರ ಹಾಗೆ ತಲೆಯೆತ್ತದೆ ತಿಂದವು. ಸಾಸಿವೆ ಖಾಲಿಯಾಯಿತು, ಪಾಚಿ ಖಾಲಿಯಾಯಿತು, ಅತ್ತೆ ಪ್ರೀತಿಯಿಂದ ನೆಟ್ಟ ನೈದಿಲೆಯ ಎಳೆ ಎಲೆ ಖಾಲಿಯಾಯಿತು. ಈರುಳ್ಳಿ ತಾವರೆಯನ್ನು ಮಾತ್ರ ಮೂಸಲಿಲ್ಲ. ಆ ಗಿಡದ ವಿಷಯದಲ್ಲಿ ಹಸುವಿಗೂ ಮೀನಿಗೂ ಒಂದೇ ಅಭಿಪ್ರಾಯ. ಹಸಿದ ಗೆಂಡೆಗಳಿಗೆಂದು ನಾನು ಎದುರು ಮನೆಯ ಅಣ್ಣನ ಹೊಲದಿಂದ ದಿನಾ ಕೋ-4 ಹುಲ್ಲು ಕೊಯ್ದು ತರಬೇಕಾಯಿತು. ಕಳೆ ತಿನ್ನಲು ಮೀನು, ಮೀನಿಗೆ ತಿನ್ನಿಸಲು ಹುಲ್ಲು, ಹುಲ್ಲು ಕೊಯ್ಯಲು ನಾನು. ನೀರಾನೆಯ ಪ್ರಶ್ನೆ ಕೇಳಿದ ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಕೋ ಎಂದರೆ ಕೊಯಮತ್ತೂರು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ತಳಿಗಳಿಗೆ ಆ ಮುದ್ರೆ. ಮಂಡ್ಯದ ಗದ್ದೆಗಳಲ್ಲಿ ‘ಎಂಟಾರು ಸೊನ್ನೆ ಮೂವತ್ತೆರಡು’ ಎಂದು ಮಂತ್ರದಂತೆ ಹೇಳುವ ಕಬ್ಬಿನ ಹಿಂದೆಯೂ ಅದೇ ‘ಕೋ’ ಇದೆ. ಅದು ಇಲ್ಲಿನ ಕಬ್ಬು ತಳಿ ಸಂಸ್ಥೆಯದು. 1912ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಎಂಬಿಬ್ಬರು ಸಿಹಿ ಕಬ್ಬಿಗೆ ಬೀಡಿನಲ್ಲಿ ಬೆಳೆಯುವ ಕಾಡು ದರ್ಬೆಯಂಥ ಹುಲ್ಲನ್ನು ಮದುವೆ ಮಾಡಿಸಿದರು. ನೆಂಟರೆಲ್ಲ ಮೂಗು ಮುರಿದಿರಬೇಕು. ಹುಟ್ಟಿದ ಕೂಸು ಕೋ 205. 1918ರಲ್ಲಿ ಉತ್ತರದ ಹೊಲಗಳಿಗೆ ಹೋಗಿ ಚಳಿ ಬರ ಎಲ್ಲಕ್ಕೂ ಎದೆಗೊಟ್ಟು ನಿಂತಿತು. ಹೀಗೆ ಒಂದು ಕಳೆಗೆ ಈ ಊರಲ್ಲಿ ಸರಕಾರಿ ನೌಕರಿ ಸಿಕ್ಕಿದೆ. ಈರುಳ್ಳಿ ತಾವರೆಗೂ ಏನಾದರೂ ಕೆಲಸ ಕೊಡಿಸಬಹುದೆ ಎಂದು ನಾನೂ ಪ್ರಯತ್ನಪಟ್ಟೆ. ಕಿತ್ತದ್ದನ್ನು ಗೋಡೆ ಬದಿ ಗೊಬ್ಬರಕ್ಕೆಂದು ರಾಶಿ ಹಾಕಿದೆ. ಐಪ್ಪಸಿ ತಿಂಗಳ ಮಳೆ ಬಂದು ರಾಶಿಯ ತುದಿಯಲ್ಲಿ ನೇರಳೆ ಹೂ ಬಿಟ್ಟಿತು. ಆಮೇಲೆ ತಿಳಿಯಿತು, ಒಣಗಿಸಿ, ಕತ್ತರಿಸಿ, ಸಗಣಿ ಕಲಸಿ ಮುಚ್ಚಬೇಕು ಎಂದು. ಬೀಜವೋ, ಕೆಸರಿನಲ್ಲಿ ಇಪ್ಪತ್ತು ವರ್ಷ ಕಾದು ಕೂರಬಲ್ಲದು. ವಸೂಲಾಗದ ಸಾಲದ ಕಡತಗಳೂ ಅಷ್ಟು ಕಾಲ ಜೀವ ಹಿಡಿದಿರುವುದಿಲ್ಲ.

ಮಗಳು ತಿರುಪ್ಪೂರಿನಲ್ಲಿದ್ದಾಳೆ. ಅಳಿಯನದು ಬನಿಯನ್ ಕಂಪನಿ. ಒಂದು ಭಾನುವಾರ ಮೊಮ್ಮಕ್ಕಳ ಜೊತೆ ಅಲ್ಲಿನ ನಂಜರಾಯನ್ ಕೆರೆಗೆ ಹೋಗಿದ್ದೆವು. ನಂಜರಾಯ ಎಂಬ ರಾಜ ದುರಸ್ತಿ ಮಾಡಿಸಿದ ಕೆರೆಯಂತೆ. ಹೆಸರು ಕೇಳಿದರೆ ನನ್ನ ಮೈಸೂರು ಕಿವಿಗೆ ಹಿತ. ಈಗದು ಪಕ್ಷಿಧಾಮ, 2024ರ ಆಗಸ್ಟಿನಲ್ಲಿ ರಾಮ್ಸರ್ ಪಟ್ಟಿಗೂ ಏರಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬನಿಯನ್ ಊರಿನಲ್ಲಿ ಚಳಿಗಾಲ ಕಳೆಯುತ್ತವೆ. ತಿರುಪ್ಪೂರಿನ ನೀರಿನ ಬಗ್ಗೆ ಮೊದಲೆಲ್ಲ ಒಳ್ಳೆಯ ಮಾತು ಕೇಳಿದವನಲ್ಲ ನಾನು. ನೊಯ್ಯಲ್ ಹೊಳೆ ಬಣ್ಣದ ಕಾರ್ಖಾನೆಗಳ ನೀರು ಕುಡಿದು ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅವನ್ನೆಲ್ಲ ಮುಚ್ಚಿಸಿದಾಗ ಊರಿಗೆ ಊರೇ ಉಸಿರು ಹಿಡಿದು ಕೂತಿತ್ತು. ಕೆರೆಯಲ್ಲಿ ನೀಳಬೆರಳಿನ ದೇವನಕ್ಕಿಯೊಂದು ತೇಲುವ ಎಲೆಗಳ ಮೇಲೆ ಗತ್ತಿನಿಂದ ನಡೆಯುತ್ತಿತ್ತು. ನಮ್ಮ ಬೆಕ್ಕಿಗೆ ಆಗದ್ದು.

ಹಿಂತಿರುಗುವಾಗ ಅಳಿಯ ಒಂದು ಮೂಟೆ ಕಟ್ಟಿಂಗ್ ವೇಸ್ಟ್ ಕೊಟ್ಟ. “ಮಾವ, ನೈಲಾನ್ ಬಲೆಯಲ್ಲಿ ಆ ಸಾಸಿವೆ ನಿಲ್ಲಲ್ಲ. ಬನಿಯನ್ನಲ್ಲಿ ನೀರು ಸೋರುತ್ತೆ, ಸೊಪ್ಪು ನಿಲ್ಲುತ್ತೆ.” ಅಮೆರಿಕಕ್ಕೆ ಹೋಗಬೇಕಿದ್ದ ಯಾವುದೋ ಟೀಶರ್ಟಿನ ಬೆನ್ನು ಅದು. ಅದನ್ನು ಬಳೆಗೆ ಹೊಲಿದದ್ದು ಅತ್ತೆ, ಎಂಬತ್ತಾರರ ಕಣ್ಣಲ್ಲಿ, ಕನ್ನಡಕವಿಲ್ಲದೆ.

ಅಂತೂ ನನಗೆ ತಿಳಿದ ಲೆಕ್ಕ ಇಷ್ಟು. ಆ ಗಿಡಕ್ಕೆ ಗುಣಾಕಾರ ಬರುತ್ತದೆ, ನನಗೆ ಬರೀ ಕಳೆಯುವುದು ಬರುತ್ತದೆ. ಎರಡು ವಾರಕ್ಕೊಮ್ಮೆ ಸರಿಯಾಗಿ ಅರ್ಧ ಕಿತ್ತರೆ, ಮುಂದಿನ ಎರಡು ವಾರಕ್ಕೆ ಮತ್ತೆ ಅಷ್ಟೇ ಇರುತ್ತದೆ. ಅದು ಬರೀ ಬಡ್ಡಿ ಕಟ್ಟಿದ ಹಾಗೆ. ಅರ್ಧಕ್ಕಿಂತ ಹೆಚ್ಚು ಕಿತ್ತ ದಿನದಿಂದ ಅಸಲು ತೀರುತ್ತ ಬರುತ್ತದೆ. ಹಾಗಾಗಿ ವಾರಕ್ಕೊಂದು ದಿನದ ಶೌರ್ಯ ಬಿಟ್ಟು ದಿನಾ ಬೆಳಿಗ್ಗೆ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತೆ. ದೊಡ್ಡದನ್ನು ಕೈಯಲ್ಲಿ, ಬೇರಿನ ತುಂಡೂ ಉಳಿಯದಂತೆ, ಸಣ್ಣದನ್ನು ಬನಿಯನ್ನಿನಲ್ಲಿ. ಇನ್ನೊಂದು ಖಾತೆಯೂ ಇತ್ತು, ಅದನ್ನು ಕಂಡುಹಿಡಿದದ್ದು ಅತ್ತೆ. ನಾನು ಮೀನಿಗೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಅಂಗಡಿಯ ಗುಳಿಗೆ ಹಾಕುತ್ತಿದ್ದೆ. ತಿಂದು ಉಳಿದದ್ದೂ ತಿಂದು ಬಿಟ್ಟದ್ದೂ ತಳದಲ್ಲಿ ಗೊಬ್ಬರವಾಗಿ ನಿಂತಿತ್ತು. “ಮೇಲೆ ಕಳೆ ಕೀಳ್ತೀರ, ಕೆಳಗೆ ಗೊಬ್ಬರ ಹಾಕ್ತೀರ. ಯಾವುದಾದ್ರೂ ಒಂದು ಮಾಡಿ ಮಾಪ್ಳೆ” ಎಂದರು. ಹೆಬ್ಬಾಳದ ಕೆರೆಯ ಕಥೆಯನ್ನು ನಾನೇ ಅವರಿಗೆ ಹೇಳಿದ್ದೆ. ಅವರು ಅದನ್ನು ಹಿತ್ತಿಲಿಗೆ ಅನ್ವಯಿಸಿದರು, ಅಷ್ಟೇ. ಇಡ್ಲಿ ನಿಂತಿತು. ತಳದ ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ ತೆಂಗಿನ ಬುಡಕ್ಕೆ ಹಾಕಿದೆವು. ಆ ವರ್ಷ ತೆಂಗು ಕಂಡು ಎದುರು ಮನೆಯ ಅಣ್ಣ ಯಾವ ಗೊಬ್ಬರದಂಗಡಿ ಎಂದು ವಿಚಾರಿಸಿದರು.

ಈ ವರ್ಷದ ಮಾಘದ ಹೊತ್ತಿಗೆ ಕೊಳ ಕನ್ನಡಿ. ತಳದ ಇಟ್ಟಿಗೆ ಎಣಿಸಬಹುದು. ಬೀದಿಯವರು ಬಂದು ನೋಡಿದರು. ಪಕ್ಕದ ಮನೆಯವರು ತಮ್ಮ ಜಿಲೇಬಿಗಳನ್ನು ಗುರುತಿಸಿ, “ಏನುಂಗ, ಕೊಳಂಬು ಯಾವಾಗ?” ಎಂದರು. ಹೆಸರಿಟ್ಟ ಮೀನನ್ನು ತಿನ್ನಲಾಗದೆಂದು ನಕ್ಕು ಕಳಿಸಿದೆ. ಅದಾದ ನಾಲ್ಕನೆಯ ದಿನ ಎರಡು ಗಪ್ಪಿ ಕಡಿಮೆ ಅನಿಸಿತು. ವಾರಕ್ಕೆ ಒಂದು ಕೋಯಿ ಮರಿ ಇಲ್ಲ. ಮೈಲುತುತ್ತದ ಪಾಪ ಇನ್ನೂ ಕಾಡುತ್ತಿದೆಯೇ ಎಂದು ನೀರು ಮೂಸಿದೆ, ರುಚಿ ಕೂಡ ನೋಡಿದೆ.

“ಮೇಲೆ ನೋಡಿ” ಎಂದರು ಅತ್ತೆ.

ಬಟ್ಟೆ ಒಣಹಾಕುವ ತಂತಿಯ ಮೇಲೆ ಎದೆಗೆ ಬಿಳಿ ಕರವಸ್ತ್ರ ಕಟ್ಟಿಕೊಂಡಂತೆ ಒಂದು ಮಿಂಚುಳ್ಳಿ. ನೀಲಿ ರೆಕ್ಕೆ, ಕೆಂಪು ಕೊಕ್ಕು. ಇಷ್ಟು ವರ್ಷ ಅದಕ್ಕೆ ನಮ್ಮ ತೊಟ್ಟಿಯಲ್ಲಿ ಎಲೆಯೇ ಹೊರತು ಮೀನು ಕಂಡಿರಲಿಲ್ಲ. ಈಗ ನಾನು ಎಲೆ ತೆಗೆದು, ನೀರು ತಿಳಿ ಮಾಡಿ, ಎಣಿಸಲು ಅನುಕೂಲವಾಗಲೆಂದು ಇಟ್ಟಿಗೆ ಬೇರೆ ಉಜ್ಜಿಟ್ಟಿದ್ದೆ.

“ಅರ್ಧ ಕೊಳಕ್ಕಾದ್ರೂ ಮರೆ ಬೇಕು. ಏನಾದ್ರೂ ತನ್ನಿ” ಎಂದು ಅತ್ತೆ ಅಪ್ಪಣೆ ಕೊಡಿಸಿದರು. ಬಲೆ ಹೊದಿಸೋಣವೆ, ನೈದಿಲೆ ಗೆಡ್ಡೆ ತರೋಣವೆ ಎಂದು ಯೋಚಿಸುತ್ತ ಅದೇ ಬಣ್ಣದ ಮೀನಿನ ಅಂಗಡಿಗೆ ಹೋದೆ. ಬಾಗಿಲಲ್ಲೇ ತೊಟ್ಟಿಯ ತುಂಬ ನಮ್ಮ ಹಳೇ ಪರಿಚಯದ ಗಿಡ. ಕೇಳಬಾರದೆಂದುಕೊಂಡೇ ಬೆಲೆ ಕೇಳಿದೆ. ಇಪ್ಪತ್ತು ಇದ್ದದ್ದು ನಲವತ್ತಾಗಿತ್ತು. ಇಮ್ಮಡಿ. ಎರಡು ನೈದಿಲೆ ಗೆಡ್ಡೆ ಕಟ್ಟಿಸಿಕೊಂಡು ಬಂದೆ.

ಗೆಡ್ಡೆ ಚಿಗುರಿ ಎಲೆ ತೇಲಲು ಇನ್ನೂ ತಿಂಗಳು ಬೇಕು, ಅದೂ ಹುಲ್ಲುಗೆಂಡೆಗಳು ಬಿಟ್ಟರೆ. ಅಲ್ಲಿಯವರೆಗೆ ಬೆಳಿಗ್ಗೆ ಬನಿಯನ್ ಚೀಲದ ಗಳು ಹಿಡಿದು ಕಾವಲು ಕೂರುತ್ತೇನೆ. ಕಾಫಿಗೆಂದು ಒಳಗೆ ಹೋಗಿ ಬರುವಷ್ಟರಲ್ಲಿ ‘ಚಳ್’ ಎಂದು ಒಂದು ಸದ್ದು. ತಂತಿ ಸಣ್ಣಗೆ ತೂಗುತ್ತಿರುತ್ತದೆ. ಮೇಲೆ ಕೂತು, ಕೊಕ್ಕನ್ನು ತಂತಿಗೆ ಎರಡು ಸಲ ಒರೆಸಿ, ನನ್ನ ಕಡೆ ತಿರುಗುತ್ತದಲ್ಲ, ಆ ಹಕ್ಕಿಯ ಮುಖದಲ್ಲಿ ಎಂಥಾ ಕಳೆ ಅಂತೀರಿ!